ಕಾಲಿಗೆ ಕಟ್ಟಿದ ಗನ್ನು

"ಕೆಲಸಾ ಬಿಡು. ಇಲ್ಲಾಂದ್ರ ಗನ್ ಇಟ್ಕೋ," ಎಂದರು ನನ್ನ ಗಂಡ ಸಂಗನಬಸಪ್ಪ.

ಇಷ್ಟಕ್ಕೂ ಆದದ್ದೇನು? ನಾನು ಕೆನ್ಮೋರ್ ಎಂಬ ಊರಿನ ಒಂದು ವೃದ್ಧಾಶ್ರಮದ ಅಡುಗೆಮನೆಯಲ್ಲಿ ಕೆಲಸ ಮಾಡುತ್ತೇನೆ. ಕ್ರಾಸ್‌ರೋಡ್ಸ್‌ನ ನಮ್ಮ ಮನೆಯಿಂದ ನಾನೇ ಕಾರು ಓಡಿಸಿಕೊಂಡು ಹೋಗುತ್ತೇನೆ, ಬರುತ್ತೇನೆ. ಒಂದು ಸಂಜೆ ದಾರಿಯ ಪೆಟ್ರೋಲ್ ಬಂಕಿನಲ್ಲಿ ಯಾರೋ ನನ್ನ ಕೊರಳ ಸರಕ್ಕೆ ಕೈ ಹಾಕಿದ. ನಾನು ಕಿರುಚಿ ಅವನ ಮುಖಕ್ಕೆ ಬ್ಯಾಗಿನಿಂದ ಬಾರಿಸಿದೆ. ಓಡಿದ. ಸರ ಉಳಿಯಿತು, ಕತ್ತಿನ ಮೇಲೆ ಒಂದು ಗೀರು ಉಳಿಯಿತು. ಗಂಡನ ಕಣ್ಣಿಗೆ ಬಿದ್ದದ್ದು ಆ ಗೀರು.

ಅಂದಿನಿಂದ ಆ ಮನುಷ್ಯ ಕೂತಲ್ಲಿ ಕೂರಲಿಲ್ಲ. ನಾನು ಬರುವುದು ಹತ್ತು ನಿಮಿಷ ತಡವಾದರೆ ಬಾಗಿಲಲ್ಲಿ ನಿಂತಿರುತ್ತಿದ್ದರು. ವಿಮಾನ ತಯಾರಿಸುವ ಕಂಪನಿಯಲ್ಲಿ ಜನ್ಮವೆಲ್ಲ ವಿಮಾನದ ತೂಕ ಇಳಿಸುವ ಲೆಕ್ಕವನ್ನೇ ಮಾಡಿದವರು. ಈಗ ಊಟದ ತಟ್ಟೆಯ ಪಕ್ಕ ಫೋನ್ ಇಟ್ಟುಕೊಂಡು ಗನ್ನುಗಳ ತೂಕ ಓದತೊಡಗಿದರು.

"ಇದು ನೋಡು, ಬರೇ ಹನ್ನೆರಡು ಔನ್ಸ್. ನಿನ್ನ ತುಪ್ಪದ ಬಾಟ್ಲಿಗಿಂತ ಹಗೂರ."

"ತುಪ್ಪಾ ರೊಟ್ಟಿಗೆ ಹಚ್ಕೊಂಡು ತಿಂತಾರ್ರೀ. ಇದನ್ನೇನ್ ಮಾಡ್ಲಿ?"

"ಎಲ್ಲಾದಕ್ಕೂ ಚ್ಯಾಷ್ಟಿ ಮಾಡಬ್ಯಾಡ. ರಾತ್ರಿ ನಿದ್ದಿ ಇಲ್ಲ ನನಗ."

ನನಗೆ ಗನ್ನು ಬೇಕಿರಲಿಲ್ಲ. ಕೆಲಸ ಬೇಕಿತ್ತು. ಈ ಪರದೇಶಕ್ಕೆ ಬಂದು ಇಪ್ಪತ್ತು ವರ್ಷ ಇವರು ಕಾರಿನಿಂದ ಇಳಿಸಿದಲ್ಲಿ ಇಳಿದು, ಹತ್ತಿಸಿದಲ್ಲಿ ಹತ್ತಿದವಳು ನಾನು. ಏಳನೇ ಕ್ಲಾಸು ಓದಿದವಳನ್ನು ನಂಬಿ ಆ ಮುದುಕರು ದಿನಾ ಬಾಯಿ ತೆರೆದು ಕಾಯುತ್ತಾರೆ. ಅದನ್ನು ಬಿಟ್ಟು ಮತ್ತೆ ಮನೆಯಲ್ಲಿ ಕೂರುವುದಕ್ಕಿಂತ ಕಬ್ಬಿಣ ಹೊರುವುದೇ ವಾಸಿ ಎನಿಸಿತು. ಪೊಲೀಸರಿಗೆ ಬೆರಳಚ್ಚು ಕೊಟ್ಟೆ, ಗನ್ನಿನ ಲೈಸೆನ್ಸ್ ಬಂತು.

ಗನ್ನಿನ ಅಂಗಡಿಯವನು ಗಡ್ಡದ ಮನುಷ್ಯ, ತಾಳ್ಮೆ ಇತ್ತು. ಮೊದಲು ಕೇಳಿದ್ದೇ ಎಲ್ಲಿ ಇಟ್ಟುಕೊಳ್ಳುತ್ತೀರಿ ಎಂದು. ಸೊಂಟಕ್ಕೆ ಬೆಲ್ಟ್ ಇಲ್ಲ, ಚೂಡಿದಾರಕ್ಕೆ ಜೇಬಿಲ್ಲ. ಬ್ಯಾಗಿನಲ್ಲಿ ಎಂದೆ. ಬ್ಯಾಗು ಕಿತ್ತುಕೊಂಡು ಓಡಿದರೆ ಗನ್ನೂ ಅವನಿಗೇ ಕೊಟ್ಟ ಹಾಗೆ ಎಂದ. ಸರಿಯೇ.

ಅಂಗೈಯಗಲದ ಚಪ್ಪಟೆ ಪಿಸ್ತೂಲೊಂದನ್ನು ಕೈಗಿಟ್ಟ. ಗುಂಡು ಏರಬೇಕಾದರೆ ಅದರ ಮೇಲಿನ ಭಾಗವನ್ನು ಹಿಂದಕ್ಕೆ ಎಳೆಯಬೇಕು. ಎಳೆದೆ. ಮಿಸುಕಲಿಲ್ಲ. ರೊಟ್ಟಿ ತಟ್ಟಿ ತಟ್ಟಿ ಹಿಡಿದುಕೊಂಡ ಹೆಬ್ಬೆರಳಿನ ಬುಡ ಚುಳ್ ಎಂದಿತು. ಆಮೇಲೆ ಐದು ಗುಂಡಿನ ಸಣ್ಣ ರಿವಾಲ್ವರ್ ಕೊಟ್ಟ. ಎಳೆಯುವ ಗೋಜಿಲ್ಲ, ಟ್ರಿಗರ್ ಒತ್ತಿದರೆ ಆಯಿತು. ಆಟದ ಸಾಮಾನಿನಷ್ಟು ಹಗುರ. ಗಂಡನ ಮುಖ ಅರಳಿತು.

ಅಂಗಡಿಯ ಹಿಂದೆಯೇ ಗುಂಡು ಹಾರಿಸಿ ನೋಡುವ ಜಾಗ. ಒಂದೇ ಒಂದು ಹಾರಿಸಿದೆ. ಕೈಗೆ ಕತ್ತೆ ಒದ್ದಂತಾಯಿತು. ಹಗುರ ಇದ್ದಷ್ಟೂ ಒದೆತ ಜೋರು, ಭಾರದ್ದಾದರೆ ಒದೆತವನ್ನು ತಾನೇ ನುಂಗುತ್ತದೆ ಎಂದ ಗಡ್ಡದವನು.

"ಹಂಗಾದ್ರ ಭಾರದ್ದ ಕೊಡ್ಲಿ," ಎಂದೆ.

"ಭಾರದ್ದು ನೀ ದಿನಾ ಹೊರಂಗಿಲ್ಲ. ಎರಡ ದಿನಕ್ಕ ಕಪಾಟಿನಾಗ ಇಡ್ತಿ," ಎಂದು ಗಂಡ ಹಗುರದ್ದನ್ನೇ ಆರಿಸಿದರು.

ಎಲ್ಲಿ ಕಟ್ಟಿಕೊಳ್ಳಬೇಕು ಎನ್ನುವುದಕ್ಕೂ ಅವರೇ ಉಪಾಯ ಹುಡುಕಿದರು. ಕಾಲಿನ ಗಿಣ್ಣಿನ ಮೇಲೆ ಪಟ್ಟಿಯಿಂದ ಬಿಗಿಯುವ ಚರ್ಮದ ಚೀಲ. "ಪ್ಯಾಂಟ್ ಇದ್ರೂ ಆತು, ಸೀರಿ ಇದ್ರೂ ಆತು. ಯಾರ್ ನೋಡ್ತಾರ ಕಾಲಾ?"

ವೃದ್ಧಾಶ್ರಮದ ಒಳಗೆ ಗನ್ನು ತರುವಂತಿಲ್ಲ. ಹಾಗಾಗಿ ಅಲ್ಲಿಗೆ ಹೋದ ಕೂಡಲೇ ಅದನ್ನು ಬಿಚ್ಚಿ ಕಾರಿನ ಸೀಟಿನ ಕೆಳಗೆ ಕಬ್ಬಿಣದ ಪೆಟ್ಟಿಗೆಯಲ್ಲಿ ಇಟ್ಟು ಬೀಗ ಹಾಕುತ್ತಿದ್ದೆ. ಸಂಜೆ ಕತ್ತಲಲ್ಲಿ ಕಾರಿನವರೆಗೆ ಬರಿಗಾಲಲ್ಲೇ, ಎಂದರೆ ಗನ್ನಿಲ್ಲದ ಕಾಲಲ್ಲೇ, ನಡೆಯುತ್ತಿದ್ದೆ. ಇದನ್ನು ಹೇಳಿದರೆ ಗಂಡ ರೇಗಿದರು. "ದಾರಿಯೊಳಗಾದ್ರೂ ಇರ್ತದಲ್ಲ! ದಿನಾ ಕಟ್ಕೋಬೇಕು. ಒಂದ್ ದಿನ ತಪ್ಪಿದ್ರ ನಾಳಿಂದ ಮನ್ಯಾಗ ಇರು."

ದಿನಾ ಎಂದರೆ ದಿನಾ. ಆ ಶನಿವಾರ ಓವರ್‌ಲೇಕಿನಲ್ಲಿ ಪಾವನಾಳ ಸೀಮಂತ. ಸಾಫ್ಟ್‌ವೇರ್ ಹುಡುಗಿ, ಕೌಶಿಕ್ ಎಂಬ ಹುಡುಗನನ್ನು ಮದುವೆಯಾಗಿದ್ದಾಳೆ. ಇಬ್ಬರೂ ಮೈಸೂರಿನವರು. ಊಟ ಮುಗಿಸಿ ಅಲ್ಲಿಂದಲೇ ನಾನು ಕೆಲಸಕ್ಕೆ ಹೋಗಬೇಕಿತ್ತು. ಇಳಕಲ್ ಸೀರೆ ಉಟ್ಟು, ಒಳಗೆ ಗನ್ನು ಕಟ್ಟಿಕೊಂಡು ಗಂಡನ ಜೊತೆ ನಮ್ಮ ಕಾರಿನಲ್ಲಿ ಹೋದೆ.

ಈ ಊರಲ್ಲಿ ನಮ್ಮ ವಯಸ್ಸಿನವರು ಕಡಿಮೆ. ತಾಯಿತಂದೆಯನ್ನು ಬಿಟ್ಟು ಬಂದ ಹುಡುಗರೆಲ್ಲ ಏನೇ ಶುಭಕಾರ್ಯವಾದರೂ ನಮ್ಮ ಕಾಲಿಗೇ ಬೀಳುತ್ತಾರೆ. ನನಗೂ ಗೊತ್ತು, ನನ್ನ ಗಂಡನಿಗೂ ಗೊತ್ತು. ಗಡ್ಡದವನಿಗೆ ಗೊತ್ತಿರಲಿಲ್ಲ, ಸರಿ. ನಮಗೇನಾಗಿತ್ತು?

ಸೋಫಾದ ಮೇಲೆ ಕೂತಿದ್ದೆ. ಅಕ್ಷತೆ ಕೈಯಲ್ಲಿತ್ತು. ಪಾವನಾ ಬಂದಳು. ತುಂಬಿದ ಬಸುರಿ, ಬಗ್ಗಲಾಗದೆ ಮಂಡಿಯೂರಲು ಹೋಗಿ ಆಯ ತಪ್ಪಿದಳು. ಬೀಳದಿರಲು ನನ್ನ ಎಡಗಾಲನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಅಯ್ಯೋ ಆಂಟಿ, ಕಾಲಿಗೆ ಏನಾಗಿದೆ? ಪ್ಲಾಸ್ಟರ್ ಹಾಕಿದಾರಾ? ಹೇಳೇ ಇಲ್ಲ ನೀವು!" ಎನ್ನುತ್ತಾ, ಪಾಪ, ಕಾಳಜಿಯಿಂದ ನನ್ನ ಸೀರೆಯ ಅಂಚನ್ನು ಎತ್ತಿಬಿಟ್ಟಳು.

ಹಾಡು ಹೇಳುತ್ತಿದ್ದ ಹೆಂಗಸರು ಹಾಡು ಬಿಟ್ಟು ನನ್ನ ಕಾಲು ನೋಡಿದರು.

"ಗನ್ನು," ಎಂದೆ. ಬೇರೇನು ಹೇಳಲಿ? "ಕೈ ತೆಗಿ ತಂಗಿ. ಸಾವಕಾಶ ತೆಗಿ."

ಅವಳ ತಾಯಿ ಶಾರದಾ ಹೆರಿಗೆಗೆಂದು ಮೈಸೂರಿನಿಂದ ಬಂದವರು. ಮಗಳನ್ನು ಹಿಂದಿನಿಂದ ಎಳೆದುಕೊಂಡರು. "ಸೀಮಂತಕ್ಕೆ ಬಂದಿದೀರೋ, ದರೋಡೆಗೆ ಬಂದಿದೀರೋ?"

ನನ್ನ ಗಂಡ ಕೈಯಲ್ಲಿ ಹೋಳಿಗೆ ಹಿಡಿದು ಓಡಿಬಂದರು. "ಏನೂ ಆಗೂದಿಲ್ರೀ. ಗುಂಡು ತುಂಬೇದ, ಆದ್ರ ಭಾಳ ಸೇಫ್ ಅದ."

"ತುಂಬಿದ್ಯಾ?" ಎಂದು ಕೌಶಿಕ್ ನೆಲದ ಮೇಲೆ ಆಡುತ್ತಿದ್ದ ಮಕ್ಕಳನ್ನು ಎರಡೂ ಕೈಯಲ್ಲಿ ಬಾಚಿಕೊಂಡ. "ಅಂಕಲ್, ಪ್ಲೀಸ್. ಹೊರಗೆ ಹೋಗಿ. ಇಬ್ಬರೂ."

ಅಕ್ಷತೆಯನ್ನು ತಟ್ಟೆಗೆ ಹಾಕಿ ಹೊರಬಂದೆ. ಆ ಹುಡುಗಿಯ ಬೆರಳು ಎಲ್ಲಿತ್ತು, ಹೊಟ್ಟೆ ಎಲ್ಲಿತ್ತು! ಕಾರಿನಲ್ಲಿ ಗನ್ನನ್ನು ಬಿಚ್ಚಿ, ಗುಂಡು ತೆಗೆದು, ಪೆಟ್ಟಿಗೆಗೆ ಹಾಕಿ ಕೀಲಿಕೈಯನ್ನು ಗಂಡನ ಮಡಿಲಿಗೆ ಎಸೆದೆ.

"ಇವತ್ತಿಂದ ಇದು ನಂದಲ್ಲ. ಕೆಲಸಾನೂ ಬಿಡೂದಿಲ್ಲ. ಏನ್ ಮಾಡ್ತೀರಿ ಮಾಡ್ರಿ."

"ಸಿಟ್ಟಿನಾಗ ಮಾತಾಡಬ್ಯಾಡ ಗೌರಾ."

"ಸಿಟ್ಟಿನಾಗ ಇದ್ದಾಗನ ನಾ ಖರೇ ಮಾತಾಡೂದು."

ಕೆನ್ಮೋರಿನವರೆಗೆ ನಾನೇ ಓಡಿಸಿದೆ. ನಾನು ಇಳಿದು, ಮನೆಗೆ ಹೋಗಿ ಎಂದು ಕಾರಿನ ಕೀ ಕೊಟ್ಟರೆ ಅವರು ಹೋಗಲಿಲ್ಲ. ನಾನು ಸೀರೆ ಬದಲಿಸಿ ಏಪ್ರನ್ ಕಟ್ಟಿಕೊಂಡು ಸೂಪಿಗೆ ಕೈ ಹಾಕಿದೆ. ಸ್ವಲ್ಪ ಹೊತ್ತಿಗೆ ಜೊತೆಯ ಕೆಲಸದವಳು ಕಿಟಕಿಯಿಂದ ಇಣುಕಿ, ಹೊರಗೆ ಯಾರೋ ಒಬ್ಬ ಕಾರುಗಳ ನಡುವೆ ಸುತ್ತುತ್ತಿದ್ದಾನೆ, ಒಂದೊಂದೇ ಕಿಟಕಿ ನೋಡುತ್ತಿದ್ದಾನೆ, ಪೊಲೀಸರಿಗೆ ಫೋನ್ ಮಾಡಲೇ ಎಂದಳು.

ನೋಡಿದರೆ ನನ್ನ ಗಂಡ. ರೇಷ್ಮೆ ಜುಬ್ಬದ ಮೇಲೆ ಕರಿಯ ಕೋಟು, ಎರಡೂ ಕೈ ಜೇಬಿನಲ್ಲಿ. ಯಾರಾದರೂ ಅಡಗಿದ್ದಾರೆಯೇ ಎಂದು ಹುಡುಕುತ್ತಿದ್ದರು.

ಸೌಟು ಹಿಡಿದೇ ಹೊರಗೆ ಓಡಿದೆ. "ಜೇಬಿನಿಂದ ಕೈ ತೆಗೀರಿ! ಮೊದಲ ತೆಗೀರಿ! ಪೊಲೀಸ್ರು ಬಂದ್ರ ನಿಮ್ಮನ್ನ ಏನಂತ ತಿಳೀತಾರ?"

ಅವರು ಕೈ ಹೊರಗೆ ತೆಗೆದರು. ಕೈಯಲ್ಲಿ ಏನೂ ಇರಲಿಲ್ಲ. ಚಳಿಗೆ ಬೆರಳು ಸೆಟೆದಿದ್ದವು.

"ನೀ ಒಳಗಿದ್ದಿ. ನನಗ ಕಾರಿನಾಗ ಸುಮ್ನ ಕೂಡಾಕ ಆಗ್ಲಿಲ್ಲ," ಎಂದರು.

ಒಳಗೆ ಕರೆತಂದು ಅಡುಗೆಮನೆಯ ಮೂಲೆಯ ಸ್ಟೂಲಿನ ಮೇಲೆ ಕೂರಿಸಿದೆ. ಅಲ್ಲಿಯೂ ಅವರ ಮೊಣಕಾಲು ಕುಣಿಯುತ್ತಲೇ ಇತ್ತು.

"ನಾಳೆ ಕೆಲಸಕ್ಕ ಬರ್ತಿಯೇನು?" ಎಂದರು.

"ಬರ್ತೀನಿ."

"ಕಾಲಾಗ ಏನೂ ಇಲ್ಲದ?"

"ಏನೂ ಇಲ್ಲದ. ಸೂಪ್ ಕುಡೀತೀರೇನು?"

ಬಟ್ಟಲು ಕೊಟ್ಟೆ, ಎರಡೂ ಕೈಯಿಂದ ಹಿಡಿದುಕೊಂಡರು. ಕಣ್ಣು ಮಾತ್ರ ಬಾಗಿಲ ಕಡೆಗೇ ಇತ್ತು.