ಇಸ್ತ್ರಿಗೆ ಅಳಿಸುವ ಪೆನ್ನು

ನಮ್ಮ ಅಂಗಡಿಗೆ ಬರುವವರಲ್ಲಿ ಎರಡೇ ಬಗೆ. ಏನು ಬೇಕೆಂದು ಗೊತ್ತಿಲ್ಲದೆ ಬಂದು ನನ್ನ ತಲೆ ತಿನ್ನುವವರು ಒಂದು, ಏನು ಬೇಕೆಂದು ಚೆನ್ನಾಗಿ ಗೊತ್ತಿದ್ದು ನನ್ನ ಪ್ರಾಣ ಹಿಂಡುವವರು ಇನ್ನೊಂದು. ಟೀ ಶರ್ಟಿನ ಮೇಲೆ ತಂಡದ ಹೆಸರು ಪ್ರಿಂಟ್ ಮಾಡಿಸಲಿ, ಶಾಲೆಯ ಅಂಗಿಯ ಜೇಬಿಗೆ ಕಸೂತಿ ಹಾಕಿಸಲಿ, ಎಲ್ಲರೂ ಮೊದಲು ನನ್ನ ಕೌಂಟರಿಗೇ ಬರಬೇಕು. ಒಳಕೋಣೆಯಲ್ಲಿ ಮೆಷಿನ್ ನಡೆಸುವವನು ನನ್ನ ಮೈದುನ. ಕೈಕೆಲಸ ಬಂಗಾರ, ತಲೆ ಮಾತ್ರ ಎಲ್ಲೋ ಇರುತ್ತದೆ. ನನ್ನ ಗಂಡ ಬಟ್ಟೆ ತರುವ ನೆಪದಲ್ಲಿ ಊರೂರು ತಿರುಗುತ್ತಾರೆ, ಅವರ ಸುದ್ದಿ ಬಿಡಿ.

ಜೋರಮ್ಮ ಎರಡನೆಯ ಬಗೆಯವರು. ಈ ಹೆಸರು ನಾನೇ ಇಟ್ಟದ್ದು. ಬಸುರಿ ಮಗಳ ತೋಳು ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದರು. ಮೈಯಲ್ಲಿ ಮೂಳೆ ಚರ್ಮ ಬಿಟ್ಟರೆ ಏನೂ ಉಳಿದಿರಲಿಲ್ಲ, ಗಂಟಲು ಮಾತ್ರ ಗಟ್ಟಿ.

"ನಿಧಾನ! ಮೆಟ್ಲು ನೋಡ್ಕೊಂಡು ಹತ್ತೇ. ಹೊಟ್ಟೆ ಮುಂದೆ ಹೋಗತ್ತೆ, ಕಣ್ಣು ಹಿಂದೆ ಬರತ್ತೆ ನಿಂದು."

"ಅಮ್ಮಾ, ತೂರಾಡ್ತಿರೋದು ನೀನು."

"ಬಾಯಿಗೇನೂ ಕಮ್ಮಿ ಇಲ್ಲ."

ಹುಟ್ಟಲಿರುವ ಮಗುವಿಗೆಂದು ನಮ್ಮ ಕಪಾಟಿನಿಂದ ಮಗಳು ಆರಿಸಿದ ಅಂಗಿಗಳೆಲ್ಲ ಅವರಿಗೆ ಬೇಡವಾದವು. ಒಂದರ ಗುಂಡಿ ಚುಚ್ಚುತ್ತದೆ, ಇನ್ನೊಂದರ ಬಟ್ಟೆ ಬೆವರು ಹೀರುವುದಿಲ್ಲ. "ಮಗುಗೆ ಅಂಗಿ ತಗೋ ಅಂದ್ರೆ ಗೊಂಬೆಗೆ ತಗೋತೀಯಲ್ಲೇ. ನಡೆಯೋ ಮಗುಗೆ ಆಗೋ ಅಂಥದ್ದು ನೋಡು" ಎಂದು ಗದರಿಸಿ ಕೊನೆಗೆ ತಾವೇ ಒಂದು ಬಿಳಿ ಹತ್ತಿಯ ಅಂಗಿ ಎಳೆದುಕೊಂಡರು. ಆಮೇಲೆ ನನ್ನ ಕಡೆ ತಿರುಗಿ, ಹಾಲಿನವನಿಗೆ ಲೆಕ್ಕ ಹೇಳುವವರ ಹಾಗೆ ಹೇಳಿದರು.

"ಮಗು ಬರೋ ಹೊತ್ತಿಗೆ ನಾನಿರಲ್ಲಮ್ಮ. ಡಾಕ್ಟರೂ ಕೈಚೆಲ್ಲಿದಾರೆ. ಇದರ ಬೆನ್ನ ಮೇಲೆ ನನ್ನ ಕೈಯಾರೆ ಬರೀತೀನಿ. ನನ್ನ ಅಕ್ಷರದ ಮೇಲೇ ದಾರ ಓಡ್ಬೇಕು. ಕಂಪ್ಯೂಟರ್ ಅಕ್ಷರ ಗಿಕ್ಷರ ಬೇಡ."

ಮಗಳು ಗೋಡೆಯ ಮೇಲಿನ ದಾರದ ಉಂಡೆಗಳನ್ನೇ ನೋಡುತ್ತ ನಿಂತಳು. ನನಗೂ ಬಾಯಿ ಕಟ್ಟಿತು. ನನ್ನ ಬಾಯಿ ಸುಲಭಕ್ಕೆ ಕಟ್ಟುವಂಥದ್ದಲ್ಲ, ಮೈದುನನನ್ನು ಕೇಳಿ ಬೇಕಾದರೆ.

ಬಟ್ಟೆಯ ಮೇಲೆ ಗುರುತು ಹಾಕಲು ನಮ್ಮಲ್ಲಿ ಒಂದು ನೀಲಿ ಪೆನ್ನಿದೆ. ಹೊಲಿಗೆ ಮುಗಿದ ಮೇಲೆ ಇಸ್ತ್ರಿ ತಗುಲಿಸಿದರೆ ಗುರುತೆಲ್ಲ ಮಂಗಮಾಯ. ಆದರೆ ಅದನ್ನು ನಂಬುವ ಹಾಗಿಲ್ಲ. ಒಮ್ಮೆ ತಂಪು ಗೋದಾಮಿನ ಕೆಲಸಗಾರರಿಗೆ ಕೋಟು ಮಾಡಿಕೊಟ್ಟಿದ್ದೆವು. ಅವರು ಹಾಕಿಕೊಂಡು ಮಂಜುಗಡ್ಡೆಯಂಥ ಆ ಕೋಣೆಗೆ ಹೋದದ್ದೇ ತಡ, ಮೈದುನ ಎಳೆದಿದ್ದ ಗೆರೆಗಳೆಲ್ಲ ವಾಪಸ್ ಬಂದು ಎದ್ದು ಕೂತವು. ಇಡೀ ಲೋಡು ಅಂಗಡಿಗೆ ತಿರುಗಿ ಬಂತು. ಆ ದಿನ ನಾನು ಅವನಿಗೆ ಮಾಡಿದ ಮಂಗಳಾರತಿ ರಸ್ತೆಯ ಆಚೆಯವರೆಗೂ ಕೇಳಿಸಿತ್ತು.

ಆ ಪೆನ್ನನ್ನೇ ಜೋರಮ್ಮನ ಕೈಗೆ ಕೊಟ್ಟೆ. ಅವರು ಪೆನ್ನು ಹಿಡಿದು ಮಗಳನ್ನು ನೋಡಿದರು. "ಗಾಡಿಯಲ್ಲಿ ನೀರಿನ ಬಾಟ್ಲಿ ಬಿಟ್ಟು ಬಂದ್ಯಲ್ಲ, ಹೋಗಿ ತಗೊಂಡ್ ಬಾ. ನೀನು ಹೀಗೆ ತಲೆ ಮೇಲೆ ನಿಂತ್ರೆ ನಂಗೆ ಬರಿಯೋಕಾಗಲ್ಲ." ಮಗಳು ಇಳಿದು ಹೋದಳು. ಜೋರಮ್ಮ ಅಂಗಿಯನ್ನು ಮೇಜಿನ ಮೇಲೆ ಹರಡಿ ಬಗ್ಗಿ ಬರೆದರು. ಕೈ ನಡುಗುತ್ತಿತ್ತು, ಆದರೂ ಎತ್ತಲಿಲ್ಲ. ಬರೆದದ್ದನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಇದ್ದಕ್ಕಿದ್ದ ಹಾಗೆ ಅಂಗೈಯಿಂದ ಮುಚ್ಚಿಬಿಟ್ಟರು.

"ಇದು ಬೇಡಮ್ಮ. ಅಳಿಸಿಬಿಡು."

"ಯಾಕಮ್ಮ, ಚೆನ್ನಾಗೇ ಬರ್ದಿದೀರಲ್ಲ?"

"ನೀನು ಓದಬೇಡ. ಅವಳು ಬರೋದ್ರೊಳಗೆ ಅಳಿಸು."

ಅಂಗಿಯನ್ನು ತಾವೇ ಮಗುಚಿ ಕೊಟ್ಟರು. ನನ್ನ ಕನ್ನಡಕ ಕೌಂಟರಿನ ಮೇಲಿತ್ತು. ಊರ ಉಸಾಬರಿಯೆಲ್ಲ ಬೇಕು ನನಗೆ, ಆದರೂ ಅವರ ಮುಖ ನೋಡಿ ಅಂಗಿ ತಿರುಗಿಸುವ ಮನಸ್ಸಾಗಲಿಲ್ಲ. ಒಳಭಾಗದಿಂದಲೇ ಇಸ್ತ್ರಿ ಒತ್ತಿದೆ. ಮಗಳು ಬಾಟ್ಲಿ ಹಿಡಿದು ಏದುಸಿರು ಬಿಡುತ್ತ ಬರುವ ಹೊತ್ತಿಗೆ ಅದೇ ಜಾಗದಲ್ಲಿ ಹೊಸದಾಗಿ ಬರೆದು ಮುಗಿಸಿದ್ದರು: ಚೆನ್ನಾಗಿರು ಕಂದ. ಅಜ್ಜಿ.

"ಇಷ್ಟೇನಾ ಅಮ್ಮ?" ಎಂದಳು ಮಗಳು.

"ಮತ್ತೇನು, ರಾಮಾಯಣ ಬರೀಲಾ?"

ಬಟ್ಟೆಯನ್ನು ಚೌಕಟ್ಟಿಗೆ ಬಿಗಿಯುವ ಮೊದಲು ಸುಕ್ಕು ಹೋಗಲೆಂದು ಇಸ್ತ್ರಿ ಮಾಡುವುದು ಮೈದುನನ ಪದ್ಧತಿ. ಇಸ್ತ್ರಿ ಆದ ಮೇಲೆ ಗುರುತು, ಗುರುತಾದ ಮೇಲೆ ಹೊಲಿಗೆ. ಗುರುತು ಹಾಕುವವನೂ ಅವನೇ ಆದ್ದರಿಂದ ಅವನ ಮೇಜಿಗೆ ಬರುವ ಬಟ್ಟೆ ಖಾಲಿಯೇ ಇರುತ್ತದೆ. ಈ ಅಂಗಿ ಹಾಗಲ್ಲ, ಇದಕ್ಕೆ ಇಸ್ತ್ರಿ ತಾಗಿಸಬೇಡ ಎಂದು ನಾನು ಬಾಗಿಲಲ್ಲಿ ನಿಂತು ಕೂಗಿ ಹೇಳಿದ್ದೆ, ಅವನು ತಲೆಯಾಡಿಸಿದ್ದ. ಮೆಷಿನ್ ಓಡುವಾಗ ಅವನು ಎಲ್ಲದಕ್ಕೂ ತಲೆಯಾಡಿಸುತ್ತಾನೆ. ಯಾವುದೋ ತಂಡದ ಜರ್ಸಿಗಳ ಗಡಿಬಿಡಿಯಲ್ಲಿ ಅಂಗಿ ಕೆಲವು ದಿನ ರಾಶಿಯಲ್ಲೇ ಉಳಿಯಿತು.

ಒಂದು ಬೆಳಿಗ್ಗೆ ಮಗಳು ಒಬ್ಬಳೇ ಬಂದಳು. ಕಣ್ಣು ಊದಿತ್ತು. ಕೇಳುವುದೇ ಬೇಕಾಗಲಿಲ್ಲ. "ಅಮ್ಮ ಹೋದ್ಲು ಅಕ್ಕ" ಎಂದಳು. "ಅಂಗಿ ಆಗಿದ್ರೆ ಕೊಡಿ. ಆಗಿಲ್ದಿದ್ರೆ ಹಾಗೇ ಒಂದ್ಸಲ ತೋರಿಸಿ, ಅವಳ ಅಕ್ಷರ ನೋಡ್ಬೇಕು."

ಅವಳನ್ನು ಕೂರಿಸಿ ಒಳಗೆ ಹೋದೆ. ಮೈದುನ ಅಂಗಿಯನ್ನು ಚೌಕಟ್ಟಿಗೆ ಬಿಗಿಯುತ್ತಿದ್ದ. ಬೆನ್ನು ಹಾಲಿನಷ್ಟು ಬಿಳಿ. ಇಸ್ತ್ರಿ ಪೆಟ್ಟಿಗೆ ಇನ್ನೂ ಪಕ್ಕದಲ್ಲೇ ಬಿಸಿಯಾಗಿತ್ತು.

"ಇದಕ್ಕೆ ಏನು ಹೊಲೀಬೇಕು ಅತ್ತಿಗೆ? ಗುರುತೇ ಹಾಕಿಲ್ವಲ್ಲ" ಎಂದ.

ಪಿಸುಮಾತಿನಲ್ಲಿ ವಿಷಯ ಹೇಳಿದೆ. ಅವನ ಮುಖ ಬಿಳಿಚಿಕೊಂಡಿತು. ಬರೆದದ್ದರ ಫೋಟೋ ಇರಲಿಲ್ಲವೇ ಎಂದು ನೀವು ಕೇಳುತ್ತೀರಿ. ಅಳಿಸಿಹೋಗಲೆಂದೇ ಹಾಕುವ ಗುರುತಿಗೆ ನಮ್ಮಲ್ಲಿ ಯಾರೂ ಫೋಟೋ ತೆಗೆಯುವುದಿಲ್ಲ. ಮೈದುನ ತಡವರಿಸುತ್ತ, "ಅತ್ತಿಗೆ, ನೀವೇ ಬರೆದುಬಿಡಿ. ಸ್ವಲ್ಪ ನಡುಗಿಸಿ ಬರೆದ್ರೆ..." ಎಂದ.

"ಥೂ ನಿನ್ನ! ತಾಯಿ ಅಕ್ಷರ ಮಗಳಿಗೆ ಗೊತ್ತಾಗಲ್ವೇನೋ? ಅದೇನು ಅನ್ನ ತಿನ್ನೋ ಬಾಯಾ?"

ಆದರೆ ಬೈದು ಏನು ಪ್ರಯೋಜನ? ಸತ್ತವರನ್ನು ಕರೆದು ಇನ್ನೊಮ್ಮೆ ಬರೆಸಲಾಗುತ್ತದೆಯೇ? ಹೊರಗೆ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಅವಳು ಕೂಗಾಡಿದ್ದರೆ ಚೆನ್ನಾಗಿತ್ತು. ಖಾಲಿ ಅಂಗಿಯನ್ನು ತೊಡೆಯ ಮೇಲೆ ಹರಡಿಕೊಂಡು, ಬೆನ್ನಿನ ಮೇಲೆ ಬೆರಳಾಡಿಸುತ್ತ, "ಮನೇಲಿ ಅವಳು ಬರೆದದ್ದು ಒಂದು ಚೀಟೀನೂ ಇಲ್ಲ ಅಕ್ಕ. ಎಲ್ಲ ಬಾಯಲ್ಲೇ ಹೇಳ್ತಿದ್ಲು" ಎಂದಳು, ಅಷ್ಟೇ.

ಆಗ ಮೈದುನ ಒಳಗಿನಿಂದ ಓಡಿ ಬಂದ. "ಅತ್ತಿಗೆ, ಕೋಟು! ಗೋದಾಮಿನ ಕೋಟು!"

ಪಕ್ಕದಲ್ಲೇ ಐಸ್‌ಕ್ರೀಂ ಅಂಗಡಿ. ಅಂಗಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಮೂವರೂ ಅಲ್ಲಿಗೆ ಹೋದೆವು. ಐಸ್‌ಕ್ರೀಮಿನವನು, "ಏನಮ್ಮ ಇದು, ಬಟ್ಟೆ ಕೆಟ್ಟುಹೋಗತ್ತಾ?" ಎಂದು ನಗಲು ಹೋಗಿ, ಮಗಳ ಮುಖ ನೋಡಿ ಬಾಯಿ ಮುಚ್ಚಿಕೊಂಡ. ಫ್ರೀಜರ್ ಪೆಟ್ಟಿಗೆಯ ತಳದಲ್ಲಿ ಡಬ್ಬಿಗಳನ್ನು ಸರಿಸಿ ಜಾಗ ಮಾಡಿಕೊಟ್ಟ. ಅವಳಿಗೆ ಕುರ್ಚಿಯನ್ನೂ ತಂದಿಟ್ಟ. ಅವಳು ಆ ಗಾಜಿನ ಮುಚ್ಚಳವನ್ನೇ ನೋಡುತ್ತ ಕೂತಿದ್ದಳು. ನಾನು ಗೊತ್ತಿರುವ ದೇವರಿಗೆಲ್ಲ ಅರ್ಜಿ ಹಾಕುತ್ತಿದ್ದೆ. ಮೈದುನ ಅಪರಾಧಿಯ ಹಾಗೆ ಬಾಗಿಲಲ್ಲೇ ನಿಂತಿದ್ದ.

ತೆಗೆದಾಗ ಅಂಗಿ ಹಪ್ಪಳದ ಹಾಗೆ ಸೆಟೆದುಕೊಂಡಿತ್ತು. ಬೆನ್ನಿನ ಮೇಲೆ ಮಸುಕು ನೀಲಿ ಅಕ್ಷರಗಳು ಬಂದಿದ್ದವು. ಅಬ್ಬ ಎಂದುಕೊಂಡೆ, ಮರುಕ್ಷಣವೇ ಬಗ್ಗಿ ನೋಡಿದೆ. ಅಕ್ಷರಗಳು ಹೆಚ್ಚಾಗಿದ್ದವು. ಒಂದರ ಮೇಲೊಂದು ಎರಡು ಬರಹ. ನಾನು ಓದದೆ ಅಳಿಸಿದ್ದೂ ಎದ್ದು ಬಂದಿತ್ತು. ಮುಚ್ಚಲು ಕೈ ಚಾಚಿದೆ. ಅಷ್ಟರಲ್ಲಿ ಅವಳು ಬೆಳಕಿಗೆ ಹಿಡಿದು ಒಂದೊಂದೇ ಅಕ್ಷರ ಬಿಡಿಸಿ ಓದತೊಡಗಿದ್ದಳು.

"ಕಂದ, ನಿನ್ನ ಅಮ್ಮನನ್ನು ಬೈಯಬೇಡ. ನಾನು ಬೈದದ್ದೇ ಸಾಕು."

ಅವಳಿಗೆ ಮೊದಲು ನಗು ಬಂತು. "ನೋಡಿದ್ರಾ ಅಕ್ಕ, ನನ್ನ ಹತ್ರ ಒಂದು ಮಾತು ಹೇಳ್ಲಿಲ್ಲ. ಇನ್ನೂ ಹುಟ್ಟದಿರೋ ಮಗು ಹತ್ರ ಹೇಳಿದಾಳೆ. ಅದನ್ನೂ ಅಳಿಸಿದಾಳೆ!" ಜೋರಮ್ಮ ಬಾಟ್ಲಿ ತರಲು ಅವಳನ್ನು ಕಳಿಸಿದ್ದನ್ನೂ, ಅಂಗೈಯಿಂದ ಮುಚ್ಚಿದ್ದನ್ನೂ ಹೇಳಿದೆ. ಅವಳು ಆ ಸಾಲಿನ ಮೇಲೆ ಬೆರಳಿಟ್ಟುಕೊಂಡೇ ಕೇಳಿಸಿಕೊಂಡಳು.

ಅಂಗಡಿಗೆ ಮರಳಿದ ಮೇಲೆ ಮೈದುನ ಮೆಲ್ಲಗೆ ಕೇಳಿದ. "ಎರಡೂ ಹೊಲಿದ್ರೆ ಗೋಜಲಾಗತ್ತೆ. ಯಾವುದನ್ನ ಹೊಲೀಲಿ?"

"ಅಮ್ಮ ಅಳಿಸದೆ ಇಟ್ಟದ್ದನ್ನೇ ಹೊಲೀರಿ. ಇನ್ನೊಂದು ನಂದು."

ಅವನು ನೀಲಿ ದಾರ ಏರಿಸಿ, ನಡುಗಿದ ಕಡೆ ನಡುಗಿ, ಬಾಗಿದ ಕಡೆ ಬಾಗಿ ಹೊಲಿದ. ಅಷ್ಟು ನಿಧಾನವಾಗಿ ಅವನು ಹೊಲಿದದ್ದನ್ನು ನಾನು ಕಂಡಿಲ್ಲ. ಮುಗಿದ ಮೇಲೆ ಅಭ್ಯಾಸಬಲದಿಂದ ಅವನ ಕೈ ಇಸ್ತ್ರಿ ಪೆಟ್ಟಿಗೆಯ ಕಡೆ ಹೋಯಿತು. ಅವಳು ತಟ್ಟನೆ ಅಂಗಿಯ ಮೇಲೆ ಅಂಗೈ ಇಟ್ಟಳು, ಥೇಟ್ ಅವಳ ಅಮ್ಮ ಇಟ್ಟ ಹಾಗೇ.

"ಅದು ಇರ್ಲಿ."

ಸುಳ್ಳು ಹೇಳಲು ನನಗೆ ಮನಸ್ಸಾಗಲಿಲ್ಲ. "ಇರಲ್ಲ ಕಣಮ್ಮ. ಒಗೆದು ಸುಡುಬಿಸಿಲಿಗೆ ಹಾಕಿದ್ರೂ ಹೋಗಬಹುದು."

"ಹೋಗೋವರೆಗೂ ಇರ್ಲಿ" ಎಂದಳು. ಆಮೇಲೆ ಅಂಗಿಯನ್ನು ಹೊಟ್ಟೆಗೆ ಒತ್ತಿಕೊಂಡಳು. ಆವರೆಗೆ ಹಿಡಿದಿಟ್ಟದ್ದೆಲ್ಲ ಒಮ್ಮೆಲೇ ಕಿತ್ತುಕೊಂಡು ಬಂತು. "ಬೈದದ್ದು ಸಾಕಂತೆ ಅಕ್ಕ. ಎಲ್ಲಿ ಸಾಕಾಯ್ತು? ಇನ್ನೂ ಬೈಬೇಕಿತ್ತು ಅವಳು. ಮಗು ಎತ್ಕೊಳ್ಳೋಕೂ ಬರಲ್ಲ ನಿಂಗೆ ಅಂತ ಬೈಬೇಕಿತ್ತು. ಇನ್ನು ಯಾರು ಬೈತಾರೆ ನನ್ನ?" ನನಗೂ ತಡೆಯಲಾಗಲಿಲ್ಲ. ಮೈದುನ ಗೋಡೆಯ ಕಡೆ ಮುಖ ಮಾಡಿ ಯಾವುದೋ ಸೂಜಿಗೆ ದಾರ ಪೋಣಿಸುತ್ತ ನಿಂತ.

ಅತ್ತು ಹಗುರಾದ ಮೇಲೆ ಅಂಗಿಯನ್ನು ಮಡಿಚಿ ಚೀಲಕ್ಕೆ ಹಾಕಿಕೊಂಡು ಹೊರಟಳು. ನಾನು ಬಾಗಿಲವರೆಗೆ ಹೋದೆ. ಅವಳು ಒರಸಿಕೊಳ್ಳದ ಕಣ್ಣಿನಲ್ಲೇ ಮೆಟ್ಟಿಲ ಮೇಲೆ ಕಾಲಿಟ್ಟಳು. ನನ್ನ ಬಾಯಿ, ಕೆಟ್ಟ ಬಾಯಿ, ತಾನಾಗಿ ತೆರೆದುಕೊಂಡಿತು.

"ನಿಧಾನ! ಮೆಟ್ಲು ನೋಡ್ಕೊಂಡು ಇಳಿಯೇ. ಹೊಟ್ಟೆ ಮುಂದೆ ಹೋಗತ್ತೆ, ಕಣ್ಣು ಹಿಂದೆ ಬರತ್ತೆ ನಿಂದು!"

ಅವಳು ಕಂಬಿ ಹಿಡಿದು ನಿಂತುಬಿಟ್ಟಳು. ತಿರುಗಿ ನೋಡಲಿಲ್ಲ.

"ಹೂಂ ಅಮ್ಮ" ಎಂದಳು. ಆಮೇಲೆ ಒಂದೊಂದೇ ಮೆಟ್ಟಿಲು ನೋಡಿಕೊಂಡು ಇಳಿದಳು.