ಬಿಲ್ಲೆ ಇಲ್ಲದವಳು

“ಮೊದ್ಲು ಬಿಲ್ಲೆ ತೋರ್ಸು. ಬಿಲ್ಲೆ ಇಲ್ದೋಳು ಸಂಘದ ಸದಸ್ಯಳಾಗಾಕ ಬಂದಾಳಂತೆ, ಬೋಸುಡಿ,” ಎಂದ ತೋಟಪ್ಪ.

ಹತ್ತಿ ಹಿಂಜುವ ಮಿಷನ್ ನಿಲ್ಲಿಸಿ ಆಗಷ್ಟೇ ಹೊರಗೆ ಬಂದಿದ್ದೆ. ಮೂಗು ಬಾಯಿಗೆ ಕಟ್ಟಿಕೊಂಡಿದ್ದ ಸೆರಗನ್ನೂ ಬಿಚ್ಚಿರಲಿಲ್ಲ. ನನ್ನನ್ನೂ ಸದಸ್ಯಳನ್ನಾಗಿ ಮಾಡಿಕೊಳ್ಳಿ, ನನ್ನ ಪಾಳಿಯೂ ತಿರುಗಲಿ ಎಂದು ಕೇಳಿದ್ದೆ, ಅಷ್ಟೇ. ಅವನ ಮನೆಯ ಕರೆಯುವ ಎಮ್ಮೆಯನ್ನೇನೂ ಕೇಳಿರಲಿಲ್ಲ.

ಬಿಲ್ಲೆ ಅಂದರೆ ಮಿಲ್ಲಿನವರು ಕಾಯಂ ಕೆಲಸಗಾರರಿಗೆ ಕೊಡುತ್ತಿದ್ದ, ನಂಬರ್ ಕೆತ್ತಿದ ಹಿತ್ತಾಳೆ ಬಿಲ್ಲೆ. ನಾನು ಆ ಮಿಲ್ಲಿನಲ್ಲಿ ಹದಿನಾಲ್ಕು ವರ್ಷ ವೇಸ್ಟ್ ಹತ್ತಿ ಆರಿಸಿದವಳು. ಆದರೆ ಬಾಗಿಲು ಮುಚ್ಚುವ ದಿನದವರೆಗೂ ಬದಲಿ. ಬದಲಿ ಅಂದರೆ ಯಾರಾದರೂ ಬರದಿದ್ದ ದಿನ ಅವರ ಜಾಗಕ್ಕೆ ಕರೆಯುವ ಆಳು. ಹದಿನಾಲ್ಕು ವರ್ಷ ದಿನಾ ಯಾರೋ ಒಬ್ಬರು ಬಂದಿರಲಿಲ್ಲವಂತೆ, ನೋಡಿ.

ಮಿಲ್ಲು ಮುಚ್ಚಿತು. ದಾವಣಗೆರೆ ಜಿಲ್ಲೆಯಾದ ಮರುವರ್ಷ ನಾವು ಹದಿಮೂರು ಜನ ಸೇರಿ ಸಂಘ ಕಟ್ಟಿದೆವು. ಕೆ.ಬಿ. ಬಡಾವಣೆಯ ಹಿಂದುಗಡೆ ಒಂದು ಗೋದಾಮು, ಹಳೆಯದೊಂದು ಹಿಂಜುವ ಮಿಷನ್, ಗಾದಿ ಮಾಡಿ ಮಾರುವ ಕೆಲಸ. ಮಿಲ್ಲಿನಲ್ಲಿ ಆಳುಗಳ ಮೇಲೆ ಕಣ್ಣಿಡುವ ಜಾಬರ್ ಆಗಿದ್ದ ತೋಟಪ್ಪ ಅಧ್ಯಕ್ಷನಾದ. ಮೊದಲ ದಿನ ಅವನೇ ನಿಯಮ ಓದಿದ. ನಾಳೆ ಯಾವನೋ ಸಾಹುಕಾರ, ಯಾವನೋ ಪುಢಾರಿ ನುಗ್ಗಿ ಸಂಘವನ್ನು ನುಂಗಬಾರದು, ಅದಕ್ಕೇ ಮಿಲ್ಲಿನ ಬಿಲ್ಲೆ ಇದ್ದವರು ಮಾತ್ರ ಸದಸ್ಯರು ಎಂದ. ಎಲ್ಲರೂ ಚಪ್ಪಾಳೆ ಹೊಡೆದರು. ನಾನು ಎಲ್ಲರಿಗಿಂತ ಜೋರಾಗಿ ಹೊಡೆದೆ. ಸಾಹುಕಾರರು ಹೊರಗುಳಿದರಲ್ಲ ಎಂದು ಹಿಗ್ಗಿದ್ದೇ ಹಿಗ್ಗಿದ್ದು. ಮನೆಗೆ ಹೋಗಿ ಹೇಳಿದರೆ ಮಗಳು ರೇವತಿ, “ಯವ್ವಾ, ನಿನ್ ಬಿಲ್ಲೆ ಎಲ್ಲೈತೆ?” ಎಂದಳು.

ಇನ್ನೊಂದು ನಿಯಮವೂ ಇತ್ತು. ಯಾರೂ ಒಂದೇ ಕೆಲಸಕ್ಕೆ ಅಂಟಿಕೊಳ್ಳಬಾರದು. ಗೋಡೆಯ ಕರಿಹಲಗೆಯ ಮೇಲೆ ನಾಲ್ಕು ಕೆಲಸ ಬರೆದಿದ್ದರು: ಹಿಂಜುವುದು, ತುಂಬುವುದು, ಹೊಲಿಯುವುದು, ಊರೂರು ತಿರುಗಿ ಆರ್ಡರ್ ತರುವುದು. ಪ್ರತಿ ಸೋಮವಾರ ಹೆಸರುಗಳು ಒಂದು ಕೆಲಸದಿಂದ ಇನ್ನೊಂದಕ್ಕೆ ಸರಿಯಬೇಕು. ಸರಿಯುತ್ತಲೂ ಇದ್ದವು. ಆದರೆ ಹಿಂಜುವ ಕೋಣೆಗೆ ಕಿಟಕಿಯಿಲ್ಲ, ಅರ್ಧ ಗಂಟೆಗೆಲ್ಲ ಎದೆ ಕಟ್ಟುತ್ತದೆ. ತೋಟಪ್ಪನ ಪಾಳಿ ಬಂದ ದಿನ ಅವನಿಗೆ ಸೊಂಟ ಹಿಡಿಯಿತು. ಅವನಾದ ಮೇಲೆ ಪಾಳಿ ಬಂದವನಿಗೆ ಜ್ವರ ಬಂತು. ಹೊಲಿಗೆಯ ಶಬ್ಬೀರನಿಗೆ ಕಣ್ಣುರಿ. ಪ್ರತಿಸಲವೂ ನನ್ನನ್ನು ಕರೆದರು. ಮೂರನೇ ತಿಂಗಳಿಗೆ ಹಲಗೆಯ ಆ ಸಾಲಿನಲ್ಲಿ ‘ಬದಲಿ’ ಎಂದು ಬರೆದೇ ಬಿಟ್ಟರು. ಆಮೇಲೆ ಅದನ್ನು ಯಾರೂ ಅಳಿಸಲಿಲ್ಲ. ನನಗೂ ದುರುಗವ್ವ ಅಂತ ಒಂದು ಹೆಸರಿತ್ತು. ಬರೆಯಲು ಹಲಗೆಯಲ್ಲಿ ಜಾಗವೂ ಇತ್ತು.

ನಮ್ಮ ಕೇರಿಯ ಬೋರಣ್ಣ ಮೊದಮೊದಲು ನನ್ನ ಜೊತೆಯೇ ಹಿಂಜುತ್ತಿದ್ದ. ಒಂದೇ ಬುತ್ತಿ ಬಿಚ್ಚಿ ಇಬ್ಬರೂ ಉಣ್ಣುತ್ತಿದ್ದೆವು. ಅವನಿಗೆ ಬಿಲ್ಲೆಯಿತ್ತು, ಹೆಸರು ಹೊಲಿಗೆಗೆ ಸರಿಯಿತು. ಆಮೇಲೆ ಊಟಕ್ಕೆ ಸದಸ್ಯರ ಸಾಲಿನಲ್ಲಿ ಕೂತ. ಕರೆದರೆ ನಗುತ್ತಿದ್ದ, ಎದ್ದು ಬರುತ್ತಿರಲಿಲ್ಲ. ಮಿಷನ್ ಸದ್ದಿನಲ್ಲಿ ನಾನೊಬ್ಬಳೇ ಮಾತಾಡಿಕೊಳ್ಳುವುದು ರೂಢಿಯಾಯಿತು. ಮಿಷನ್ ನಿಂತ ಮೇಲೂ ಮಾತಾಡುತ್ತಲೇ ಇರುತ್ತಿದ್ದೆನಂತೆ. ಅದಕ್ಕೂ ನಗುತ್ತಿದ್ದರು.

ಹರಿಹರದ ಹಾಸ್ಟೆಲ್ಲೊಂದಕ್ಕೆ ನೂರಿಪ್ಪತ್ತು ಗಾದಿಯ ಆರ್ಡರ್ ಬಂತು. ಕೊಟ್ಟು ಬರಲು ಸದಸ್ಯರು ಐದು ಜನ ಬಸ್ಸಿಗೆ ಹೋದರು, ನಾನು ಮೆಟಡೋರಿನ ಹಿಂದೆ ಗಾದಿಗಳ ಜೊತೆ. ಗಾದಿ ಹೊತ್ತು ಮಹಡಿಗೆ ಏರಿಸಿ ಏರಿಸಿ ಕುತ್ತಿಗೆ ಬಿದ್ದುಹೋಗಿತ್ತು. ಕೊನೆಗೆ ವಾರ್ಡನ್ನು ಸಂಘದವರನ್ನು ಮೆಟ್ಟಿಲ ಮೇಲೆ ನಿಲ್ಲಿಸಿ ಫೋಟೋ ತೆಗೆಸಿದ. ನಾನೂ ತಲೆ ಕೊಡವಿಕೊಂಡು ತುದಿಯಲ್ಲಿ ನಿಂತೆ. ಈಯಮ್ಮ ಯಾರು ಎಂದು ವಾರ್ಡನ್ನು ಕೇಳಿದ.

“ಆಕಿ ಸಂಘದೋಳಲ್ಲ ಸಾರ್, ಕೂಲಿ,” ಎಂದ ತೋಟಪ್ಪ. “ಏ, ಆಕಡೆ ಹೋಗಿ ಚೀಲ ಹಿಡ್ಕಂಡು ನಿಂದ್ರು.”

ಐದು ಜನರ ಊಟದ ಚೀಲ ಹಿಡಿದು ಕ್ಯಾಮೆರಾದವನ ಹಿಂದೆ ನಿಂತೆ. ಬೋರಣ್ಣ ಕ್ಯಾಮೆರಾ ನೋಡಿ ನಗುತ್ತಿದ್ದ. ಅವನ ಕಣ್ಣಿಗೆ ನೇರವಾಗಿ ನಾನೇ ಇದ್ದೆ. ವಾಪಸ್ಸು ಬರುವಾಗ ಖಾಲಿ ಮೆಟಡೋರಿನಲ್ಲಿ ಹರಿಹರದಿಂದ ದಾವಣಗೆರೆಯವರೆಗೂ ಅತ್ತೆ. ಕೇಳಿಸಿಕೊಳ್ಳಲು ಒಂದು ನರಪಿಳ್ಳೆಯೂ ಇರಲಿಲ್ಲ.

ಮರುದಿನವೇ ಬಾಯಿ ಬಿಟ್ಟು ಕೇಳಿದ್ದು, ತೋಟಪ್ಪ ಬಿಲ್ಲೆ ತೋರಿಸು ಎಂದು ಬೈದದ್ದು.

ಆ ಭಾನುವಾರ ವಾರ್ಷಿಕ ಸಭೆ. ಸಹಕಾರ ಇಲಾಖೆಯ ಇನ್‌ಸ್ಪೆಕ್ಟರ್ ಬಂದು ಕುರ್ಚಿಯಲ್ಲಿ ಕೂತಿದ್ದರು. ಗೋದಾಮಿನ ನಡುವೆ ಜಮಖಾನ ಹಾಸಿ ಹನ್ನೆರಡು ಜನ ಕೂತಿದ್ದರು. ನಾನು ಚಹಾ ಕೊಟ್ಟು ಹೊರಗೆ ಹೋಗಬೇಕೆಂದು ತೋಟಪ್ಪ ಮೊದಲೇ ಹೇಳಿದ್ದ. ಎಲ್ಲರಿಗೂ ಕೊಟ್ಟೆ. ಕೆಟ್ಲು ಕೆಳಗಿಟ್ಟು ಬೋರಣ್ಣನ ಪಕ್ಕ ಜಮಖಾನದ ಮೇಲೆ ಕೂತೆ.

ನಾನು ಯಾರೆಂದು ತೋಟಪ್ಪ ಇನ್‌ಸ್ಪೆಕ್ಟರ ಕಿವಿಯಲ್ಲಿ ಹೇಳಿದ. ಸದಸ್ಯರಲ್ಲದವರು ಕೂತರೆ ಸಭೆ ಸಿಂಧುವಾಗುವುದಿಲ್ಲಮ್ಮ, ಹೊರಗೆ ಹೋಗಿ ಎಂದು ಅವರು ಮೆತ್ತಗೇ ಹೇಳಿದರು.

“ಸಾರ್, ಹರಿಹರಕ್ಕೆ ಹೋದ ಗಾದ್ಯಾಗಿನ ಹತ್ತಿ ಪೂರಾ ನಾ ಹಿಂಜಿದ್ದು,” ಎಂದೆ. “ನಂದು ಬ್ಯಾರೆ ಏನೂ ಬ್ಯಾಡ. ಆ ಹಲಗಿ ಮ್ಯಾಲೆ ನನ್ ಹೆಸ್ರು ಬರೀರಿ. ಎಲ್ರ ಹೆಸ್ರು ತಿರುಗಿದಂಗೆ ಅದೂ ತಿರುಗ್ಲಿ.”

“ಮಿಲ್ಲಾಗೂ ಬದಲಿ, ಇಲ್ಲೂ ಬದಲಿ. ನಿನ್ ಹಣೇಬರ ನಾವ್ ಬರ್ದಿದ್ದೇನಲೇ? ಏಳು ಮ್ಯಾಲೆ, ಹಲ್ಕಟ್ ಹೆಂಗ್ಸು,” ಎಂದ ತೋಟಪ್ಪ.

“ಮಿಲ್ಲಾಗೆ ಬರ್ದೋನು ಮಾಲೀಕ. ಇಲ್ಲಿ ಬರ್ದೋರು ನೀವು.”

ಬೋರಣ್ಣ ನನ್ನ ಕಡೆ ಬಾಗಿ, ಅತ್ತಿಗೆ ಎದ್ದುಬಿಡು, ಸಂಘ ಒಡೆಯುತ್ತದೆ ಎಂದು ಪಿಸುಗುಟ್ಟಿದ. ಅವನ ಮುಖವನ್ನೇ ನೋಡಿದೆ.

“ನೀನೊಬ್ಬ ಕೈ ಎತ್ತು ಬೋರಣ್ಣ, ಸಾಕು.”

ಬೋರಣ್ಣ ಎರಡೂ ಕೈಗಳನ್ನು ತೊಡೆಯ ಕೆಳಗೆ ಸೇರಿಸಿಕೊಂಡ.

ತೋಟಪ್ಪ ಎದ್ದ. ಈಕೆ ಏಳದಿದ್ದರೆ ನಾವೇ ಏಳೋಣ, ಸಭೆ ಹುಣಸೆ ಮರದ ಕೆಳಗೆ ನಡೆಯಲಿ ಎಂದ. ಇನ್‌ಸ್ಪೆಕ್ಟರು ಕುರ್ಚಿಯನ್ನು ತಾವೇ ಎತ್ತಿಕೊಂಡು ಹೋದರು. ಒಬ್ಬೊಬ್ಬರಾಗಿ ಎದ್ದರು. ಶಬ್ಬೀರ್ ಚಹಾದ ಲೋಟ ಕೈಯಲ್ಲಿ ಹಿಡಿದೇ ನಡೆದ. ಕೊನೆಗೆ ಬೋರಣ್ಣ ಉಳಿದ. ಇವನು ಕೂತಾನು ಎಂದು ನನ್ನ ಹುಚ್ಚು ಮನಸ್ಸು ಆಸೆಪಟ್ಟಿತು. ಅವನು ಚಪ್ಪಲಿ ಹುಡುಕಿ ಮೆಟ್ಟಿಕೊಂಡು ಹೋದ.

ಅವಸರದಲ್ಲಿ ಹಾಜರಿ ಪುಸ್ತಕವನ್ನು ಜಮಖಾನದ ಮೇಲೇ ಬಿಟ್ಟಿದ್ದರು. ಎಳೆದುಕೊಂಡು ನೋಡಿದೆ. ಹನ್ನೆರಡು ಹೆಸರಿದ್ದವು. ಅದರೊಳಗಿದ್ದ ಪೆನ್ನು ಹಿಡಿದು, ರೇವತಿ ಕಲಿಸಿಕೊಟ್ಟ ಹಾಗೆ ಹದಿಮೂರನೆಯ ಸಾಲಿನಲ್ಲಿ ದುರುಗವ್ವ ಎಂದು ಬರೆದೆ. ಅಕ್ಷರ ಸೊಟ್ಟಗಾದವು. ಆದರೆ ಓದಬಹುದಿತ್ತು.

ಸ್ವಲ್ಪ ಹೊತ್ತಿಗೆ ತೋಟಪ್ಪ ಹೊಸ್ತಿಲಲ್ಲಿ ನಿಂತು ಪುಸ್ತಕ ಕೊಡು ಎಂದ. ಪುಸ್ತಕವಿಲ್ಲದೆ ಸಭೆ ನಡೆಸುವ ಹಾಗಿಲ್ಲವಂತೆ. ನಾನು ಅದನ್ನು ಮಡಿಲಲ್ಲಿಟ್ಟುಕೊಂಡು ಮೇಲೆ ಎರಡೂ ಕೈ ಊರಿದೆ.

“ಒಳಗ ಬರ್ರಿ, ಕೂಡ್ರಿ. ಸಭೆ ಇಲ್ಲೇ ನಡ್ದೈತೆ,” ಎಂದೆ.

ಅವನು ಬರಲಿಲ್ಲ. ಅವನ ಹಿಂದೆ ಹುಣಸೆ ಮರದ ಕೆಳಗಿದ್ದವರೂ ಅಲುಗಲಿಲ್ಲ. ಹದಿಮೂರು ಜನ ಕೂರುವ ಜಮಖಾನದ ಮೇಲೆ ನಾನೊಬ್ಬಳೇ ಕೂತಿದ್ದೆ. ಏಳಲಿಲ್ಲ.