ಪೂಜೆಗೆ ಮುಂಚಿನ ಪಂಚನಾಮೆ

ಮನ್ಮಥಪ್ಪ ಮಾವನಿಗೆ ಯಾರಿಗೂ ಇಲ್ಲ ಎಂದು ಹೇಳಿ ಗೊತ್ತಿರಲಿಲ್ಲ. ನನ್ನ ಅಕ್ಕ ಸಂಗಮ್ಮನ ಗಂಡ ಅವರು. ಭಾಲ್ಕಿಯಿಂದ ಬಂದು ಮಹಾರಾಷ್ಟ್ರದ ಸಂಭಾಜಿನಗರದ ಹೊರವಲಯದಲ್ಲಿ, ಒಂದು ಪೊಲೀಸ್ ಠಾಣೆಯ ಎದುರಿಗೇ ಕಿರಾಣಿ ಅಂಗಡಿ ಇಟ್ಟಿದ್ದರು. ಇಲ್ಲ ಎನ್ನಲು ಬಾರದವನು ಠಾಣೆಯ ಎದುರು ಅಂಗಡಿ ಇಟ್ಟರೆ ಏನಾಗುತ್ತದೆ? ಪಂಚನಾಗುತ್ತಾನೆ.

ಪೊಲೀಸರು ಮಾಲು ಜಪ್ತಿ ಮಾಡುವಾಗ ಊರಿನ ಇಬ್ಬರು ಮರ್ಯಾದಸ್ಥರು ಪಕ್ಕದಲ್ಲಿ ನಿಂತು ನೋಡಿ, ನಮ್ಮ ಕಣ್ಣೆದುರೇ ಸಿಕ್ಕಿತು ಎಂದು ಸಹಿ ಹಾಕಬೇಕು. ಅವರೇ ಪಂಚರು, ಆ ಕಾಗದವೇ ಪಂಚನಾಮೆ. ಇದು ಕಾನೂನು. ನಡೆಯುತ್ತಿದ್ದದ್ದು ಬೇರೆ. ಹವಾಲ್ದಾರ ಮಧ್ಯಾಹ್ನ ಉಂಡು, ಬರೆದಿಟ್ಟ ಕಾಗದ ಹಿಡಿದು ರಸ್ತೆ ದಾಟಿ ಬರುತ್ತಿದ್ದ. ಮಾವ ಅವನಿಗೆ ಚಹಾ ತರಿಸಿ ಸಹಿ ಹಾಕುತ್ತಿದ್ದರು. ಹೀಗೆ ಕಳ್ಳಭಟ್ಟಿ, ಇಸ್ಪೀಟು, ಕದ್ದ ಮೋಟರ್‌ಸೈಕಲ್ಲು ಎಲ್ಲವನ್ನೂ ಅವರು ಗಲ್ಲಾಪೆಟ್ಟಿಗೆ ಬಿಟ್ಟು ಏಳದೆಯೇ ಕಣ್ಣಾರೆ ಕಂಡಿದ್ದರು. "ಸರ್ಕಾರ ನನ್ನ ಮ್ಯಾಲ ಭರೋಸಾ ಇಟ್ಟದ" ಎಂದು ಬೀಗುವುದು ಬೇರೆ. ಓದಿಯಾದರೂ ಸಹಿ ಹಾಕಿ ಮಾವ ಎಂದು ನಾನು ಎಷ್ಟು ಬಡಕೊಂಡರೂ, ನೀನು ಬ್ಯಾಂಕಿನವ, ಎಲ್ಲರ ಮೇಲೂ ಸಂಶಯ ನಿನಗೆ ಎಂದು ನನ್ನನ್ನೇ ತಳ್ಳಿಹಾಕುತ್ತಿದ್ದರು.

ಆ ಸಹಿಗಳಲ್ಲೊಂದು ಮಹಿಬೂಬನ ಕೊರಳಿಗೆ ಸುತ್ತಿಕೊಂಡಿತು. ಮಹಿಬೂಬ ಆಳಂದ ಕಡೆಯವನು, ವಾಳೂಜಿನ ಒಂದು ಕಾರ್ಖಾನೆಯಲ್ಲಿ ಗುತ್ತಿಗೆಯ ವೆಲ್ಡರ್. ನಮ್ಮ ಅಂಗಡಿಯಲ್ಲೇ ಜೋಳದ ಹಿಟ್ಟು ಕೊಳ್ಳುತ್ತಿದ್ದ, ಕನ್ನಡದಲ್ಲಿ ನಾಲ್ಕು ಮಾತಾಡಿ ಹೋಗುತ್ತಿದ್ದ. ಕಾರ್ಖಾನೆಯ ತಾಮ್ರದ ತಂತಿ ಕದ್ದನೆಂದು ಅವನ ಮೇಲೆ ಕೇಸಾಯಿತು. ಬೆಳಗಿನ ಆರೂವರೆಗೆ ಅವನ ಕೋಣೆಯಲ್ಲಿ ತಂತಿ ಸಿಕ್ಕಿತಂತೆ, ಮನ್ಮಥಪ್ಪನೆಂಬ ಪ್ರತಿಷ್ಠಿತ ವರ್ತಕರು ನಿಂತು ನೋಡಿದರಂತೆ! ಆರೋಪಿ ಯಾರೆಂದು ಮಾವನಿಗೆ ತಿಳಿದದ್ದೇ ಸಹಿ ಹಾಕಿದ ಮರುದಿನ. ಒಂದೆರಡು ದಿನ ಮುಖ ಸಣ್ಣದು ಮಾಡಿಕೊಂಡಿದ್ದು, ಆಮೇಲೆ "ಪೊಲೀಸ್ರು ಸುಮ್ಮಸುಮ್ಮನೆ ಹಿಡೀತಾರೇನು?" ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡರು. ಅತ್ತ ಮಹಿಬೂಬನಿಗೆ ಜಾಮೀನು ಸಿಕ್ಕಿತು, ಗೇಟ್ ಪಾಸು ಹೋಯಿತು. ಕಳ್ಳತನದ ಕೇಸು ಇರುವವನನ್ನು ವಾಳೂಜಿನ ಯಾವ ಗೇಟಿನವನು ಒಳಗೆ ಬಿಡುತ್ತಾನೆ? ಅವನು ಬೀದಿಯಲ್ಲಿ ಛತ್ರಿ ರಿಪೇರಿ ಮಾಡುತ್ತ ತಾರೀಖಿನಿಂದ ತಾರೀಖಿಗೆ ಅಲೆದ.

ಸರ್ಕಾರದ ದೊಡ್ಡತನ ನೋಡಿ. ಅವನನ್ನು ಹಿಡಿದದ್ದೂ ಅದೇ, ಬಡವನೆಂದು ಅವನ ಪರ ವಾದಿಸಲು ಬಿಟ್ಟಿ ವಕೀಲೆಯನ್ನು ಕೊಟ್ಟದ್ದೂ ಅದೇ. ವಕೀಲೆಯ ಹೆಸರು ಭಾಗ್ಯಶ್ರೀ. ಅಷ್ಟರಲ್ಲಿ ಹವಾಲ್ದಾರನನ್ನು ಕುಂಭಮೇಳದ ತಯಾರಿಗೆಂದು ನಾಸಿಕ್‌ಗೆ ಹಾಕಿದ್ದರು. ಅವನು ಬಂದರೆ ನ್ಯಾಯಾಧೀಶರು ರಜೆ, ನ್ಯಾಯಾಧೀಶರು ಬಂದರೆ ಅವನಿಗೆ ಬಂದೋಬಸ್ತು. ಕೊನೆಗೊಂದು ದಿನ ಎಲ್ಲರೂ ಒಟ್ಟಿಗೆ ಸಿಕ್ಕರು. ಮಾವ ಇಸ್ತ್ರಿ ಮಾಡಿದ ಧೋತರ ಉಟ್ಟು, ಅಕ್ಕನನ್ನೂ ನನ್ನನ್ನೂ ಕರೆದುಕೊಂಡು ಮದುವೆಗೆ ಹೊರಟ ಹಾಗೆ ಕೋರ್ಟಿಗೆ ಹೊರಟರು.

ನಾಸಿಕ್‌ನಿಂದ ಯೇವಲಾ ಮಾರ್ಗವಾಗಿ ಬರುವ ರಾತ್ರಿ ಬಸ್ಸಿನಲ್ಲಿ ನಿದ್ದೆಗೆಟ್ಟು ಬಂದಿದ್ದ ಹವಾಲ್ದಾರ ಬಾಗಿಲಲ್ಲೇ ಪಾಠ ಮಾಡಿದ. "ಏನು ಕೇಳಿದರೂ ಹೌದು ಅನ್ನಿ ಸೇಠ್. ಅಷ್ಟೇ."

ಮಾವನಿಗೆ ಇದಕ್ಕಿಂತ ಸುಲಭದ ಕೆಲಸ ಉಂಟೇ? ಕಟಕಟೆಯಲ್ಲಿ ನಿಂತು ಸರ್ಕಾರಿ ವಕೀಲರ ಪ್ರಶ್ನೆ ಮುಗಿಯುವ ಮೊದಲೇ ಹೌದು ಎಂದರು. ಹೋಗಿದ್ದೆ, ಹೌದು. ನೋಡಿದೆ, ಹೌದು. ಸಹಿ ಹಾಕಿದೆ, ಹೌದು. ಮೂಲೆಯಲ್ಲಿ ಮಹಿಬೂಬ ತಲೆ ತಗ್ಗಿಸಿ ನಿಂತಿದ್ದ. ಮೂರು ಹೌದು ಸಾಕು, ಅವನ ಬದುಕು ಮುಗಿಯುತ್ತದೆ.

ಭಾಗ್ಯಶ್ರೀ ಎದ್ದಳು. ಮಾತೆಲ್ಲ ಮರಾಠಿಯಲ್ಲೇ ನಡೆಯಿತು.

"ತಂತಿ ಎಲ್ಲಿತ್ತು?"

"ಮಂಚದ ಕೆಳಗೆ."

"ಆ ಕೋಣೆಯಲ್ಲಿ ಮಂಚವಿದೆಯೇ?"

"ಸರ್ಕಾರ ಬರೆದಿದೆ ಅಂದಮೇಲೆ ಇರಲೇಬೇಕು."

ನ್ಯಾಯಾಧೀಶರು ಕನ್ನಡಕ ಸರಿಸಿ ನೋಡಿದರು. ಭಾಗ್ಯಶ್ರೀ ನಗಲಿಲ್ಲ.

"ನೀವು ದಿನಾ ಲಿಂಗಪೂಜೆ ಮಾಡುತ್ತೀರಂತೆ?"

ಮಾವನ ಎದೆ ಉಬ್ಬಿತು. ಉಬ್ಬಬೇಕಾದದ್ದೇ. ನಮ್ಮ ಜನರಲ್ಲಿ ಅವರ ಹೆಸರಿರುವುದೇ ಆ ಪೂಜೆಯಿಂದ. ಬೆಳಗ್ಗೆ ಐದಕ್ಕೆ ಎದ್ದು ಮಿಂದು, ಅಂಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು ಕೂತರೆ ಒಂಬತ್ತರವರೆಗೆ ನೀರು ಮುಟ್ಟುವುದಿಲ್ಲ, ಹೊಸ್ತಿಲು ದಾಟುವುದಿಲ್ಲ. ಪಕ್ಕದ ಮನೆಯಲ್ಲಿ ಗ್ಯಾಸ್ ಸೋರಿ ಗಲ್ಲಿಯೆಲ್ಲ ಓಡಿದಾಗಲೂ ಎದ್ದಿರಲಿಲ್ಲ. ನನ್ನ ಮದುವೆಯ ಮುಹೂರ್ತ ತಪ್ಪಿದ್ದು ಕೂಡ ಆ ಪೂಜೆಯಿಂದಲೇ. ಆ ಸಿಟ್ಟು ನನಗೆ ಇನ್ನೂ ಇದೆ.

"ಒಂದು ದಿನವೂ ಬಿಟ್ಟಿಲ್ಲ, ವಕೀಲಬಾಯಿ" ಎಂದರು ಮಾವ.

"ಆ ದಿನ ಬಿಟ್ಟಿರಲ್ಲ? ಆರೂವರೆಗೆ ಮಹಿಬೂಬನ ಕೋಣೆಯಲ್ಲಿದ್ದಿರಿ."

ಹೌದು ಎನ್ನಲು ಬಾಯಿ ತೆರೆದ ಮಾವ ಹವಾಲ್ದಾರನನ್ನು ನೋಡಿದರು. ಹವಾಲ್ದಾರ ಹೌದು ಎನ್ನಿ ಎಂದು ತಲೆಯಾಡಿಸಿದ. ಅಷ್ಟರಲ್ಲಿ ಹಿಂದಿನ ಬೆಂಚಿನಿಂದ ನಮ್ಮ ಅಕ್ಕ ಎದ್ದು ನಿಂತಳು.

"ಏನ್ರೀ, ಪೂಜಿ ಬಿಟ್ಟು ಹೋಗಿದ್ರೇನು? ಮತ್ತ ನಾ ಮಾಡಿಟ್ಟ ಪ್ರಸಾದ ಯಾರು ತಿಂದ್ರು? ಖರೇ ಹೇಳ್ರಿ!"

ಪೇದೆ ಓಡಿ ಬಂದು ಅವಳನ್ನು ಕೂರಿಸಿದ. ಆಕೆ ಏನೆಂದಳೆಂದು ನ್ಯಾಯಾಧೀಶರು ಕೇಳಿದರು. ಭಾಷಾಂತರ ಮಾಡುವ ಭಾಗ್ಯ ನನ್ನದಾಯಿತು. ಇಡೀ ಕೋರ್ಟು ಮಾವನ ಕಡೆ ತಿರುಗಿತು. ಮಂಚದ ವಿಷಯದಲ್ಲಿ, ತಂತಿಯ ವಿಷಯದಲ್ಲಿ ಸುಳ್ಳಾಡಲು ಅವರ ನಾಲಿಗೆ ಒಮ್ಮೆಯೂ ತೊದಲಿರಲಿಲ್ಲ. ಈಗ ಕೈ ತಾನಾಗಿ ಎದೆಯ ಮೇಲಿನ ಲಿಂಗದ ಕರಡಿಗೆಗೆ ಹೋಯಿತು.

"ನಾನು ಅಲ್ಲಿ ಇರಲಿಲ್ಲ ಸಾಹೇಬ" ಎಂದರು, ಬೆವರುತ್ತ. "ಆ ಹೊತ್ತಿಗೆ ನಾನು ಎಲ್ಲೂ ಹೋಗುವವನೇ ಅಲ್ಲ. ಸಹಿ ನನ್ನದೇ. ಮಧ್ಯಾಹ್ನ ಅಂಗಡಿಯಲ್ಲಿ ಕೂತು ಹಾಕಿದ್ದು."

ಸರ್ಕಾರಿ ವಕೀಲರು ಅಲ್ಲೇ ಅವರನ್ನು ಪ್ರತಿಕೂಲ ಸಾಕ್ಷಿ ಎಂದು ಘೋಷಿಸಬೇಕೆಂದು ಕೇಳಿಕೊಂಡರು. ಮರಾಠಿಯಲ್ಲಿ ಅಂಥವರಿಗೆ ಫಿತೂರ್ ಎನ್ನುತ್ತಾರೆ. ಜನ್ಮದಲ್ಲಿ ಒಬ್ಬರಿಗೂ ಎದುರಾಡದ ಮನುಷ್ಯ ಫಿತೂರ್ ಆದರು! ನ್ಯಾಯಾಧೀಶರು ಅವರಿಗೆ ಸಾಕಷ್ಟು ಛೀಮಾರಿ ಹಾಕಿದರು. ಇನ್ನೊಬ್ಬ ಪಂಚ ಊರು ಬಿಟ್ಟು ಎಲ್ಲಿಗೋ ಹೋಗಿದ್ದ. ಕೇಸಿಗೆ ನಿಲ್ಲಲು ಕಾಲೇ ಉಳಿಯಲಿಲ್ಲ, ಮುಂದೊಂದು ತಾರೀಖಿಗೆ ಮಹಿಬೂಬ ಖುಲಾಸೆಯಾದ.

ಅಷ್ಟರಲ್ಲಿ ಈ ಸುದ್ದಿ ನಮ್ಮ ಜನರಲ್ಲಿ ಬೇರೆಯೇ ಬಣ್ಣ ಪಡೆದಿತ್ತು. ಬಡವನೊಬ್ಬನಿಗಾಗಿ ಪೊಲೀಸರನ್ನೇ ಎದುರು ಹಾಕಿಕೊಂಡ ಶರಣ ಎಂದು ಮಾವನಿಗೆ ಶಾಲು ಹೊದಿಸಿದರು. ಮಾವನೂ ಹೊದ್ದುಕೊಂಡರು. ಹಾಗಾಗಿ ಮಹಿಬೂಬ ಹೊಸ ಗೇಟ್ ಪಾಸು ಕೊರಳಿಗೆ ಹಾಕಿಕೊಂಡು ಹಿಟ್ಟಿಗೆ ಬಂದಾಗ ದೊಡ್ಡ ದನಿಯಲ್ಲೇ ಮಾತಾಡಿಸಿದರು.

"ನೋಡಪಾ, ನಿನ್ನ ಸಲುವಾಗಿ ಎಲ್ಲಾರ ಮುಂದ ಖರೇ ಹೇಳ್ದೆ."

ಮಹಿಬೂಬ ನಕ್ಕ. ಅದರಲ್ಲಿ ಸಿಟ್ಟಿರಲಿಲ್ಲ.

"ಇಲ್ರಿ ಸಾವ್ಕಾರ್ರ. ನನ್ನ ಸಲುವಾಗಿ ನೀವು ಹೇಳಲ್ಲ ಅಂತ ನನಗ ಗೊತ್ತಿತ್ತು. ಅದಕ್ಕೇ ವಕೀಲಬಾಯಿಗಿ ಹೇಳಿದ್ದೆ, ನನ್ನ ವಿಷಯ ಏನೂ ಕೇಳಬ್ಯಾಡ್ರಿ, ಪೂಜಿದಷ್ಟೇ ಕೇಳ್ರಿ ಅಂತ."

ಹಿಟ್ಟಿನ ಚೀಲ ಹೆಗಲಿಗೇರಿಸಿಕೊಂಡು ಹೋದ. ಮಾವನನ್ನು ಛೇಡಿಸುವ ಒಂದು ಅವಕಾಶವನ್ನೂ ಬಿಡದ ನನಗೂ ಅಂದು ಅವರ ಮುಖ ನೋಡಿ ಪಾಪ ಅನ್ನಿಸಿತು.

ಮುಂದಿನ ವಾರ ಠಾಣೆಗೆ ಹೊಸದಾಗಿ ಬಂದಿದ್ದ ಹವಾಲ್ದಾರ ಬರೆದ ಕಾಗದ ಹಿಡಿದು ರಸ್ತೆ ದಾಟಿ ಬಂದ. ಮಾವ ಅವನಿಗೆ ಚಹಾ ತರಿಸಿದರು. ಅವನು ಪೆನ್ನು ಮುಂದೆ ಹಿಡಿದಾಗ ಎದ್ದು ಚಪ್ಪಲಿ ಮೆಟ್ಟಿಕೊಂಡು ಕೇಳಿದರು:

"ಎಲ್ಲಿ ಸಿಕ್ಕಿತು ಮಾಲು? ನಡೆಯಿರಿ, ನೋಡೋಣ."

ಹವಾಲ್ದಾರ ಅವರನ್ನು ಒಂದು ಗಳಿಗೆ ನೋಡಿದ. ಆಮೇಲೆ ಚಹಾ ಮುಗಿಸಿ, ಕಾಗದ ಮಡಚಿಕೊಂಡು, ಪಕ್ಕದ ಬೇಕರಿಯವನ ಹತ್ತಿರ ಹೋದ.